ಸಮೀಕರಣ ಬಿಡಿಸಲು ಬರುತ್ತದೆ, ಬರೆಯಲು ಬರುವುದಿಲ್ಲ. ಏನು ಮಾಡಲಿ?

ಪ್ರಶ್ನೆ: ಅವಕಲ ಸಮೀಕರಣ (ಒಂದು ಪ್ರಮಾಣ ಬದಲಾಗುವ ದರವನ್ನು ಹೇಳುವ ಸಮೀಕರಣ) ಕೊಟ್ಟರೆ ಬಿಡಿಸುತ್ತೇನೆ. ಆದರೆ ವಾಕ್ಯರೂಪದ ಲೆಕ್ಕ ಕೊಟ್ಟರೆ ಸಮೀಕರಣವನ್ನೇ ಬರೆಯಲಾಗುವುದಿಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಯಾವುದು ಬದಲಾಗುತ್ತಿದೆ ಮತ್ತು ಅದರ ದರಕ್ಕೆ ಯಾವ ಏಕಮಾನ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಎಷ್ಟೋ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಒಂದು ಲೆಕ್ಕ ನೋಡೋಣ. 200 ಲೀಟರ್ ಹಿಡಿಯುವ ತೊಟ್ಟಿಯಲ್ಲಿ 100 ಲೀಟರ್ ಶುದ್ಧ ನೀರಿದೆ. ಲೀಟರಿಗೆ 20 ಗ್ರಾಂ ಉಪ್ಪಿರುವ ನೀರು ನಿಮಿಷಕ್ಕೆ 5 ಲೀಟರಿನಂತೆ ಒಳಬರುತ್ತದೆ. ಚೆನ್ನಾಗಿ ಬೆರೆತ ನೀರು ನಿಮಿಷಕ್ಕೆ 3 ಲೀಟರಿನಂತೆ ಹೊರಹೋಗುತ್ತದೆ. ತೊಟ್ಟಿಯಲ್ಲಿರುವ ಉಪ್ಪೆಷ್ಟು?

ಕೇಳಿರುವುದು ಉಪ್ಪು, ನೀರಲ್ಲ. ‘ಕ’ ನಿಮಿಷದ ಹೊತ್ತಿಗೆ ‘ಉ’ ಗ್ರಾಂ ಉಪ್ಪಿದೆ ಎನ್ನಿ. ಹಾಗಾದರೆ ಸಮೀಕರಣದ ಪ್ರತಿ ಪದವೂ ‘ನಿಮಿಷಕ್ಕೆ ಇಷ್ಟು ಗ್ರಾಂ’ ಎಂದೇ ಇರಬೇಕು. ಒಳಬರುವುದು 5 × 20 = 100. ಹೊರಹೋಗುವುದನ್ನು ಬರೀ 3 ಎಂದು ಬರೆದರೆ ಅದು ಲೀಟರು. ಲೀಟರಿಗೆಷ್ಟು ಉಪ್ಪು ಎಂಬುದರಿಂದ ಗುಣಿಸಲೇಬೇಕು. ಅದು 20 ಅಲ್ಲ, ಆ ಕ್ಷಣದಲ್ಲಿ ತೊಟ್ಟಿಯೊಳಗೆ ಇರುವಷ್ಟು. ‘ಚೆನ್ನಾಗಿ ಬೆರೆತ’ ಎಂಬ ಮಾತು ಇರುವುದೇ ಇದಕ್ಕಾಗಿ: ಉಪ್ಪನ್ನು ನೀರಿನ ಪ್ರಮಾಣದಿಂದ ಭಾಗಿಸಲು ಅದು ಅನುಮತಿ ಕೊಡುತ್ತದೆ.

ನೀರಿನ ಪ್ರಮಾಣವೂ 100ಕ್ಕೆ ನಿಂತಿಲ್ಲ. ನಿಮಿಷಕ್ಕೆ 2 ಲೀಟರ್ ಏರುತ್ತಿದೆ, ಆದ್ದರಿಂದ 100 + 2ಕ. ಈಗ ಸಮೀಕರಣ (ಉ′ ಎಂದರೆ ಉಪ್ಪು ಬದಲಾಗುವ ದರ):

ಉ′ = 100 − 3ಉ/(100 + 2ಕ), ಉ(0) = 0

50ನೇ ನಿಮಿಷಕ್ಕೆ ತೊಟ್ಟಿ ತುಂಬುತ್ತದೆ. ಸಮೀಕರಣ ಅಲ್ಲಿಯವರೆಗೆ ಮಾತ್ರ. ಬಿಡಿಸಿದರೆ ಆಗ ಸುಮಾರು 3293 ಗ್ರಾಂ ಉಪ್ಪು ಸಿಗುತ್ತದೆ. ಛೇದದಲ್ಲಿ 100 ಎಂದೇ ಉಳಿಸಿದ್ದರೆ ಸುಮಾರು 2590. ಉತ್ತರ 700 ಗ್ರಾಂ ಕಡಿಮೆ ಬಂದರೂ ನೋಡಲು ಸರಿಯೆಂದೇ ಕಾಣುತ್ತದೆ, ಅದೇ ಅಪಾಯ. 4000 (200 × 20) ಮೀರಿದ ಉತ್ತರ ಬಂದರೆ ಮಾತ್ರ ತಪ್ಪು ತಾನಾಗಿ ಗೊತ್ತಾಗುತ್ತದೆ, ಏಕೆಂದರೆ ಒಳಬರುವ ನೀರಿಗಿಂತ ತೊಟ್ಟಿಯ ನೀರು ಹೆಚ್ಚು ಉಪ್ಪಾಗಲಾರದು.

ಒಳ-ಹೊರ ಹರಿವಿಲ್ಲದ ಲೆಕ್ಕಗಳಲ್ಲಿ ‘ಅನುಪಾತದಲ್ಲಿ’ ಎಂಬ ಪದ ಹುಡುಕಿ, ಯಾವುದರ ಅನುಪಾತ ಎಂದು ಕೇಳಿಕೊಳ್ಳಿ. ತಣಿಯುವ ವಸ್ತುವಿನಲ್ಲಿ ಅದು ಉಷ್ಣಾಂಶವಲ್ಲ, ಸುತ್ತಲಿನ ಉಷ್ಣಾಂಶದೊಂದಿಗಿನ ವ್ಯತ್ಯಾಸ. ಆ ವ್ಯತ್ಯಾಸವನ್ನು ಗುಣಿಸುವ ಸ್ಥಿರಾಂಕವನ್ನು ಧನಾತ್ಮಕವಾಗಿಟ್ಟುಕೊಂಡು ಮುಂದೆ ಋಣ ಚಿಹ್ನೆ ಹಾಕಿ: ವಸ್ತು 80 ಡಿಗ್ರಿ, ಸುತ್ತಲೂ 25 ಇದ್ದಾಗ ದರ ಋಣವಾಗಿಯೇ ಬರಬೇಕು.