ಅಗ್ಗದ ಪ್ರಿಂಟರ್ ದುಬಾರಿಯಾದ ಬಗೆ

ಮೂರೂವರೆ ಸಾವಿರ ರೂಪಾಯಿಗೆ ಪ್ರಿಂಟರ್ ಕೊಂಡವರು ಮೊದಲ ಕಾರ್ಟ್ರಿಡ್ಜ್ ಮುಗಿದ ದಿನ ಅಂಗಡಿಯಲ್ಲಿ ಬೆಲೆ ಕೇಳಿ ಬೆಚ್ಚುತ್ತಾರೆ. ಹೊಸ ಲ್ಯಾಪ್‌ಟಾಪ್ ತಂದ ದಿನ ಇನ್ನೊಂದು ಪೆಟ್ಟು: ಚೆನ್ನಾಗಿ ಓಡುತ್ತಿದ್ದ ಹಳೆಯ ಪ್ರಿಂಟರಿಗೆ ಅದನ್ನು ಕಂಪ್ಯೂಟರಿನೊಂದಿಗೆ ಮಾತಾಡಿಸುವ ತಂತ್ರಾಂಶ, ಅಂದರೆ ಡ್ರೈವರ್, ಸಿಗುವುದಿಲ್ಲ. ನೋಡಲು ಇವು ಬೇರೆ ಬೇರೆ ತೊಂದರೆಗಳು, ಬೇರು ಮಾತ್ರ ಒಂದೇ. ಯಂತ್ರದ ಬೆಲೆ ಇಳಿಸಲು ತಯಾರಕರು ಎರಡನ್ನು ಅದರಿಂದ ಹೊರಗೆ ಸಾಗಿಸಿದರು: ತಮ್ಮ ಲಾಭವನ್ನು ಕಾರ್ಟ್ರಿಡ್ಜಿಗೆ, ಯಂತ್ರದ ಬುದ್ಧಿಯನ್ನು ಕಂಪ್ಯೂಟರಿಗೆ.

ಮೊದಲು ಹೀಗಿರಲಿಲ್ಲ. 1980ರಲ್ಲಿ ಬಂದ ಎಪ್ಸನ್ ಎಂಎಕ್ಸ್-80ರಂಥ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳಿಗೆ ಬೇಕಿದ್ದದ್ದು ಒಂದು ರಿಬ್ಬನ್. ಅಕ್ಷರಗಳ ಆಕಾರ ಯಂತ್ರದೊಳಗಿನ ಚಿಪ್ಪಿನಲ್ಲೇ ಇರುತ್ತಿತ್ತು. ಕಂಪ್ಯೂಟರ್ ‘ಎ’ ಎಂಬ ಸಂಕೇತ ಕಳಿಸಿದರೆ ಸಾಕು, ಪಿನ್ನುಗಳು ‘ಎ’ ಹೊಡೆಯುತ್ತಿದ್ದವು. ಎಪ್ಸನ್‌ನ ಆಜ್ಞಾ ಭಾಷೆಯನ್ನು ಉಳಿದ ಕಂಪನಿಗಳೂ ಅನುಸರಿಸಿದ್ದರಿಂದ ಯಾವ ಯಂತ್ರವಾದರೂ ಹೆಚ್ಚುಕಡಿಮೆ ಒಂದೇ ಮಾತು ಕೇಳುತ್ತಿತ್ತು. ಕನ್ನಡಕ್ಕೆ ಮಾತ್ರ ಈ ಸುಖ ಸಿಗಲಿಲ್ಲ. ಚಿಪ್ಪಿನಲ್ಲಿ ಇದ್ದದ್ದು ರೋಮನ್ ಅಕ್ಷರಗಳು. ಕನ್ನಡದ ಪ್ರತಿ ಅಕ್ಷರ, ಪ್ರತಿ ಒತ್ತು ಚುಕ್ಕಿ ಚುಕ್ಕಿಯಾಗಿ ಚಿತ್ರದಂತೆ ಹೋಗಬೇಕಿತ್ತು, ಆ ಚಿತ್ರ ಬಿಡಿಸುವ ಕೆಲಸವನ್ನು ತಂತ್ರಾಂಶವೇ ಮಾಡಬೇಕಿತ್ತು. ಡ್ರೈವರ್ ಕೈಕೊಟ್ಟರೆ ಭಾಷೆಯೇ ಕಾಗದದ ಮೇಲೆ ಬರುವುದಿಲ್ಲ ಎಂಬುದು ನಮ್ಮಲ್ಲಿ ಬೇಗನೆ ಅರಿವಿಗೆ ಬಂದ ಸಂಗತಿ.

1984ರ ಎಚ್‌ಪಿ ಲೇಸರ್‌ಜೆಟ್‌ಗೆ ಅಮೆರಿಕದಲ್ಲಿ 3,495 ಡಾಲರ್. ಒಳಗಿನ ಮುದ್ರಣ ಯಂತ್ರ ಕ್ಯಾನನ್‌ನದು, ಭಾಷೆ ಎಚ್‌ಪಿಯ ಪಿಸಿಎಲ್. ಮರುವರ್ಷ ಬಂದ ಆಪಲ್ ಲೇಸರ್‌ರೈಟರ್‌ಗೆ 6,995 ಡಾಲರ್. ಅದರ ಪ್ರೊಸೆಸರ್ 12 ಮೆಗಾಹರ್ಟ್ಸ್ ವೇಗದ್ದು. ಅದನ್ನು ಜೋಡಿಸಿಕೊಳ್ಳುವ ಮ್ಯಾಕಿಂತೋಷ್‌ನದು 8. ಪುಟದ ವಿವರಣೆಯನ್ನು ಪೋಸ್ಟ್‌ಸ್ಕ್ರಿಪ್ಟ್ ಭಾಷೆಯಲ್ಲಿ ಕಳಿಸಿದರೆ ಚುಕ್ಕಿಗಳಾಗಿ ಬಿಡಿಸುವ ಕೆಲಸವೆಲ್ಲ ಪ್ರಿಂಟರಿನದೇ. ಬೆಲೆ ಏರಲು ಅದೂ ಒಂದು ಕಾರಣ.

ಮನೆಗೆ ಬಂದದ್ದು ಇಂಕ್‌ಜೆಟ್. 1977ರಲ್ಲಿ ಕ್ಯಾನನ್‌ನ ಇಚಿರೊ ಎಂಡೊ ಅವರ ಪ್ರಯೋಗಾಲಯದಲ್ಲಿ ಬಿಸಿಯಾದ ಸೋಲ್ಡರಿಂಗ್ ಕಡ್ಡಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಗುಲಿ, ತುದಿಯಿಂದ ಶಾಯಿ ಚಿಮ್ಮಿತು. ಸಣ್ಣ ರಂಧ್ರದ ಹಿಂದೆ ಶಾಯಿಯನ್ನು ಥಟ್ಟನೆ ಕಾಯಿಸಿದರೆ ಗುಳ್ಳೆ ಎದ್ದು ಹನಿಯನ್ನು ಹೊರಗೆ ದೂಡುತ್ತದೆ ಎಂಬುದೇ ಥರ್ಮಲ್ ಇಂಕ್‌ಜೆಟ್ಟಿನ ತತ್ವ. ಎಚ್‌ಪಿ ಇದೇ ದಾರಿಯನ್ನು 1979ರಲ್ಲಿ ತಾನಾಗಿ ಕಂಡುಕೊಂಡು, 1984ರಲ್ಲಿ ಥಿಂಕ್‌ಜೆಟ್ ಹೊರತಂದಿತು. ಹನಿ ಚಿಮ್ಮಿಸುವ ಭಾಗವಾದ ಹೆಡ್ ಪದೇ ಪದೇ ಕಾದು ಬೇಗ ಸವೆಯುತ್ತದೆ. ಅದಕ್ಕೆ ಎಚ್‌ಪಿ ಹೂಡಿದ ಉಪಾಯ, ಹೆಡ್ಡನ್ನು ಕಾರ್ಟ್ರಿಡ್ಜಿನಲ್ಲೇ ಕೂರಿಸುವುದು. ಶಾಯಿ ಮುಗಿದಾಗ ಎರಡನ್ನೂ ಎಸೆಯುವುದು. ತಾಂತ್ರಿಕವಾಗಿ ಸೊಗಸಾದ ಪರಿಹಾರವೇ. ಆದರೆ ಬಾಳುವ ಯಂತ್ರದ ಮುಖ್ಯ ಭಾಗ ಖರ್ಚಾಗುವ ಸರಕಾದದ್ದು ಆಗಲೇ. 1988ರ ಡೆಸ್ಕ್‌ಜೆಟ್‌ಗೆ 995 ಡಾಲರ್ ಇತ್ತು. 1990ರ ದಶಕದುದ್ದಕ್ಕೂ ಯಂತ್ರದ ಬೆಲೆ ಇಳಿಯುತ್ತಾ ಹೋಯಿತು, ಶಾಯಿಯ ಬೆಲೆ ಇಳಿಯಲಿಲ್ಲ.

ಲಾಭವೆಲ್ಲ ಶಾಯಿಯಲ್ಲಿದ್ದರೆ ಬೇರೆಯವರ ಶಾಯಿಯನ್ನು ತಡೆಯಲೇಬೇಕು. ಹಾಗೆ ಬಂದದ್ದು ಕಾರ್ಟ್ರಿಡ್ಜ್ ಕಂಪನಿಯದೇ ಎಂದು ಯಂತ್ರಕ್ಕೆ ಗುರುತು ಹೇಳುವ ಚಿಪ್. ಲೆಕ್ಸ್‌ಮಾರ್ಕ್ ಎಂಬ ಪ್ರಿಂಟರ್ ಕಂಪನಿ ತನ್ನ ಟೋನರ್ (ಲೇಸರ್ ಪ್ರಿಂಟರಿನ ಶಾಯಿಪುಡಿ) ಕಾರ್ಟ್ರಿಡ್ಜಿನ ಚಿಪ್ಪನ್ನು ಹೋಲುವ ಚಿಪ್ ಮಾಡಿದ ಸ್ಟ್ಯಾಟಿಕ್ ಕಂಟ್ರೋಲ್ ಕಂಪನಿಯ ಮೇಲೆ 2002ರಲ್ಲಿ ಕಾಪಿರೈಟ್ ಕಾನೂನಿನಡಿ ದಾವೆ ಹೂಡಿತು. 2004ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಲೆಕ್ಸ್‌ಮಾರ್ಕ್ ಪರ ಇದ್ದ ತಡೆಯಾಜ್ಞೆಯನ್ನು ತೆಗೆದುಹಾಕಿತು. ಒಮ್ಮೆ ಮಾರಿದ ಕಾರ್ಟ್ರಿಡ್ಜಿನ ಮೇಲೆ ಪೇಟೆಂಟ್ ಹಕ್ಕು ಚಲಾಯಿಸಲಾಗದು ಎಂದು 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆದರೆ ಕೋರ್ಟು ಬೇಡ ಎಂದದ್ದನ್ನು ಯಂತ್ರವನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರ್ ಮಾಡಬಲ್ಲದು. 2016ರ ಸೆಪ್ಟೆಂಬರ್ 13ರಂದು ಎಚ್‌ಪಿಯ ಹಲವು ಆಫೀಸ್‌ಜೆಟ್‌ಗಳು ಅದುವರೆಗೆ ಒಪ್ಪುತ್ತಿದ್ದ ಬೇರೆ ಕಂಪನಿಗಳ ಕಾರ್ಟ್ರಿಡ್ಜುಗಳನ್ನು ಒಂದೇ ದಿನ ತಿರಸ್ಕರಿಸಿದವು. ಗ್ರಾಹಕರ ಸಿಟ್ಟು ಕಂಡು ಕಂಪನಿ ಅದನ್ನು ತೆಗೆಯುವ ಫರ್ಮ್‌ವೇರ್ ಕೊಟ್ಟಿತಾದರೂ ‘ಡೈನಮಿಕ್ ಸೆಕ್ಯುರಿಟಿ’ ಎಂಬ ಹೆಸರಿನ ಆ ಪದ್ಧತಿ ಮುಂದುವರಿಯಿತು. ಕಾಸು ಕೊಟ್ಟು ಕೊಂಡ ಯಂತ್ರ ಯಾವ ಶಾಯಿ ಕುಡಿಯಬೇಕೆಂದು ಮಾರಾಟದ ನಂತರ ನಿರ್ಧರಿಸುವುದು ಅನ್ಯಾಯ. ಇದನ್ನು ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ.

ನಮ್ಮಲ್ಲಿ ಇದಕ್ಕೆ ಉತ್ತರ ಕೊಟ್ಟದ್ದು ರೀಫಿಲ್ ಅಂಗಡಿಗಳು. ಎಚ್‌ಪಿಯ ಲೇಸರ್‌ಜೆಟ್ 1020ರ 12ಎ ಟೋನರ್ ಕಾರ್ಟ್ರಿಡ್ಜಿನಲ್ಲಿ ಚಿಪ್ಪೇ ಇಲ್ಲ. ಕ್ಯಾನನ್ ಎಲ್‌ಬಿಪಿ2900ರ 303 ಕಾರ್ಟ್ರಿಡ್ಜೂ ಅದೇ ಕಟ್ಟಡದ್ದು, ಎರಡರ ಲೆಕ್ಕವೂ 2,000 ಪುಟ. ಲೇಸರ್‌ಜೆಟ್ 1020 ಮತ್ತು ಎಲ್‌ಬಿಪಿ2900 ಇಂದಿಗೂ ಜೆರಾಕ್ಸ್ ಅಂಗಡಿ, ಕಚೇರಿಗಳಲ್ಲಿ ಉಳಿದಿರುವುದಕ್ಕೆ ಇದೇ ಕಾರಣ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಈ ಕಾರ್ಟ್ರಿಡ್ಜಿನ ಡ್ರಮ್ (ಪುಟದ ಚಿತ್ರ ಮೂಡುವ ಉರುಳೆ), ಬ್ಲೇಡ್, ಪಿಸಿಆರ್ (ಡ್ರಮ್ಮಿಗೆ ವಿದ್ಯುತ್ ಆವೇಶ ಕೊಡುವ ರೋಲರ್), ಮ್ಯಾಗ್ನೆಟಿಕ್ ರೋಲರ್ ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ರೀಫಿಲ್ ಮಾಡಿಸುವಾಗ ವೇಸ್ಟ್ ಟೋನರ್ ಕೋಣೆಯನ್ನು ಬರಿದು ಮಾಡಿದರೇ ಎಂದು ನೋಡಿ. ಅದು ತುಂಬಿದರೆ ಪುಡಿ ಪುಟದ ಮೇಲೆ ಸುರಿಯುತ್ತದೆ. ಪುಟದಲ್ಲಿ ಒಂದೇ ಕಲೆ ಸುಮಾರು 75 ಮಿಲಿಮೀಟರಿಗೊಮ್ಮೆ ಮರುಕಳಿಸಿದರೆ ತಪ್ಪು ಡ್ರಮ್ಮಿನದು, ಏಕೆಂದರೆ 24 ಮಿಮೀ ವ್ಯಾಸದ ಡ್ರಮ್ಮಿನ ಸುತ್ತಳತೆ ಅಷ್ಟೇ. 38 ಮಿಮೀಗೊಮ್ಮೆ ಬಂದರೆ ಪಿಸಿಆರ್ ಬದಲಿಸಿ. ಅಳತೆಪಟ್ಟಿ ಹಿಡಿದು ಅಂಗಡಿಗೆ ಹೋದರೆ ಇಡೀ ಕಾರ್ಟ್ರಿಡ್ಜ್ ಕೊಳ್ಳುವ ಖರ್ಚು ತಪ್ಪುತ್ತದೆ.

ಇಂಕ್‌ಜೆಟ್ಟಿನಲ್ಲಿ ಬದಲಾವಣೆ ಶುರುವಾದದ್ದು ಇಂಡೊನೇಷ್ಯಾದಲ್ಲಿ. ಅಲ್ಲಿನ ಅಂಗಡಿಗಳು ಎಪ್ಸನ್ ಯಂತ್ರಗಳಿಗೆ ಹೊರಗಿನಿಂದ ಶಾಯಿ ಬಾಟಲಿ, ಕೊಳವೆ ಜೋಡಿಸಿ ಮಾರುತ್ತಿದ್ದವು. ತಡೆಯಲಾಗದೆ 2010ರ ಅಕ್ಟೋಬರಿನಲ್ಲಿ ಎಪ್ಸನ್ ತಾನೇ ಟ್ಯಾಂಕ್ ಇರುವ ಎಲ್-ಸರಣಿಯನ್ನು ಅಲ್ಲಿ ಬಿಡುಗಡೆ ಮಾಡಿತು, ಯಂತ್ರದ ಬೆಲೆ ಹೆಚ್ಚಿಟ್ಟು, ಶಾಯಿಯ ಬೆಲೆ ಇಳಿಸಿ. ಬಳಿಕ ಕ್ಯಾನನ್ ಜಿ-ಸರಣಿ, ಎಚ್‌ಪಿಯ ಜಿಟಿ ಯಂತ್ರಗಳು ಬಂದವು. ಬಳಕೆದಾರರ ಹಟಕ್ಕೆ ಉದ್ಯಮವೇ ಬಗ್ಗಿದ ಅಪರೂಪದ ಪ್ರಸಂಗವಿದು.

ಲೆಕ್ಕ ಸರಳ: ಶಾಯಿಯ ಬೆಲೆಯನ್ನು ಪುಟಗಳ ಸಂಖ್ಯೆಯಿಂದ ಭಾಗಿಸಿ. ಎಚ್‌ಪಿ 680 ಕಪ್ಪು ಕಾರ್ಟ್ರಿಡ್ಜಿಗೆ ಕಂಪನಿ ಹೇಳುವುದು 480 ಪುಟ. ಬೆಲೆ 900 ರೂಪಾಯಿ ಎಂದಿಟ್ಟುಕೊಂಡರೆ ಪುಟಕ್ಕೆ 1 ರೂ. 88 ಪೈಸೆ. ಎಪ್ಸನ್ ಎಲ್3110ಕ್ಕೆ ಹಾಕುವ 003 ಕಪ್ಪು ಬಾಟಲಿ 65 ಮಿಲಿಲೀಟರ್, 4,500 ಪುಟ. 400 ರೂಪಾಯಿ ಎಂದುಕೊಂಡರೆ 9 ಪೈಸೆ. ಟ್ಯಾಂಕ್ ಯಂತ್ರಕ್ಕೆ ಎಂಟು ಸಾವಿರ ಹೆಚ್ಚು ಕೊಟ್ಟಿದ್ದರೆ ಆ ಹಣ ಹಿಂದಿರುಗಲು ಸುಮಾರು 4,500 ಪುಟ ಬೇಕು. ತಿಂಗಳಿಗೆ ನೂರು ಪುಟವಾದರೆ ಮೂರು ಮುಕ್ಕಾಲು ವರ್ಷ. ತಿಂಗಳಿಗೆ ಇಪ್ಪತ್ತು ಪುಟದ ಮನೆಗೆ ಟ್ಯಾಂಕ್ ಲಾಭವಲ್ಲ. ಅಂಥವರಿಗೆ ಜೆರಾಕ್ಸ್ ಅಂಗಡಿ ವಾಸಿ, ಮನೆಯಲ್ಲೇ ಬೇಕೆಂದರೆ ಕಪ್ಪು-ಬಿಳುಪು ಲೇಸರ್. ಟೋನರ್ ಒಣ ಪುಡಿ; ತಿಂಗಳುಗಟ್ಟಲೆ ಬಿಟ್ಟರೂ ಒಣಗಲು ಅದರಲ್ಲಿ ಏನೂ ಇಲ್ಲ. ಕಂಪನಿಗಳ ಪುಟದ ಸಂಖ್ಯೆ ಐಎಸ್‌ಒ ಮಾನದಂಡದಂತೆ ಬಿಡದೆ ಮುದ್ರಿಸಿ ಅಳೆದದ್ದು ಎಂಬುದೂ ನೆನಪಿರಲಿ. ವಾರಕ್ಕೊಮ್ಮೆ ಎರಡು ಪುಟ ತೆಗೆದರೆ ನಡುವಿನ ಹೆಡ್ ಶುದ್ಧೀಕರಣಕ್ಕೇ ಒಂದಷ್ಟು ಶಾಯಿ ಹೋಗುತ್ತದೆ.

ಆ ಶುದ್ಧೀಕರಣದ ಶಾಯಿ ಹೋಗುವುದು ಯಂತ್ರದ ತಳದ ವೇಸ್ಟ್ ಇಂಕ್ ಪ್ಯಾಡಿಗೆ. ಎಪ್ಸನ್ ಎಲ್-ಸರಣಿಯ ಯಂತ್ರ ಎಷ್ಟು ಹೋಯಿತೆಂದು ಎಣಿಸಿಟ್ಟು, ಮಿತಿ ಮುಟ್ಟಿದಾಗ ನಿಂತುಬಿಡುತ್ತದೆ. ರಿಸೆಟ್ ತಂತ್ರಾಂಶದಿಂದ ಎಣಿಕೆ ಸೊನ್ನೆಯಾಗಬಹುದು, ಪ್ಯಾಡು ಒಣಗುವುದಿಲ್ಲ. ಪ್ಯಾಡ್ ಬದಲಿಸದೆ ರಿಸೆಟ್ ಮಾಡುತ್ತಾ ಹೋದರೆ ಶಾಯಿ ಮೇಜಿನ ಮೇಲೆ ಸೋರುತ್ತದೆ. ಕೊಳ್ಳುವಾಗಲೇ ಆ ಶಾಯಿ ಸೇರುವ ಮೆಂಟೆನೆನ್ಸ್ ಬಾಕ್ಸ್ ನಾವೇ ಬದಲಿಸಬಹುದಾದ ಮಾದರಿ ನೋಡುವುದು ಒಳ್ಳೆಯದು. ಇನ್ನೊಂದು ವ್ಯತ್ಯಾಸ ಹೆಡ್ಡಿನದು. ಎಪ್ಸನ್ ಹೆಡ್ ಕಾಯುವುದಿಲ್ಲ, ವಿದ್ಯುತ್ತಿಗೆ ಬಾಗುವ ಪೀಜೊ ಹರಳಿನಿಂದ ಹನಿ ದೂಡುತ್ತದೆ. ಬಾಳಿಕೆ ಹೆಚ್ಚು, ಆದರೆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಕಟ್ಟಿಕೊಂಡರೆ ರಿಪೇರಿ ದುಬಾರಿ. ಕ್ಯಾನನ್ ಜಿ-ಸರಣಿಯ ಥರ್ಮಲ್ ಹೆಡ್ಡುಗಳನ್ನು ತೆಗೆದು ಹೊಸದು ಹಾಕಬಹುದು.

ಹೆಡ್ ಕಟ್ಟದಿರಲು ಮುಖ್ಯವಾದದ್ದು ಪವರ್ ಬಟನ್. ಬಟನ್ ಒತ್ತಿ ಆರಿಸಿದರೆ ಹೆಡ್ ಮೂಲೆಗೆ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ ನಡುವೆ ಆರಿಸಿದರೆ ತೆರೆದೇ ಉಳಿದು ಒಣಗುತ್ತದೆ. ವಾರಕ್ಕೊಂದು ಬಣ್ಣದ ಪುಟ ತೆಗೆಯಿರಿ. ಗೆರೆ ಬಿದ್ದರೆ ಮೊದಲು ನಾಝಲ್ ಚೆಕ್ (ಹೆಡ್ಡಿನ ರಂಧ್ರಗಳ ಪರೀಕ್ಷೆ), ಆಮೇಲೆ ಕ್ಲೀನಿಂಗ್; ಮೂರು ಸಲಕ್ಕೂ ಸರಿಯಾಗದಿದ್ದರೆ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿ. ಶಾಯಿ ಕೆಳಗಿನ ಗೆರೆಗಿಂತ ಇಳಿದರೆ ಕೊಳವೆಗೆ ಗಾಳಿ ಸೇರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಕಾಗದ ತೇವ ಹೀರಿ ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ, ಒಡೆದ ಬಂಡಲನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಿ. ಲೇಸರ್ ಯಂತ್ರವನ್ನು ಕಂಪ್ಯೂಟರಿನ ಯುಪಿಎಸ್‌ಗೆ ಜೋಡಿಸಬೇಡಿ. ಟೋನರನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ ಫ್ಯೂಸರ್ ಕಾಯುವ ಕ್ಷಣಕ್ಕೆ ಎಳೆಯುವ ವಿದ್ಯುತ್ತು ಅದಕ್ಕೆ ಮೀರಿದ್ದು.

ಇನ್ನು ಬುದ್ಧಿಯ ಕತೆ. 1980ರ ಸುಮಾರಿಗೆ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಹಳೆಯ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸೂಚನೆ ಹೋಗುವಂತೆ ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ತಂತ್ರಾಂಶ ತಿದ್ದಿದ್ದರು. ಹೊಸದನ್ನು ತಿದ್ದಲು ಬೇಕಾದ ಮೂಲ ಸಂಕೇತ (ಸೋರ್ಸ್ ಕೋಡ್) ಕೇಳಿದಾಗ ಸಿಗಲಿಲ್ಲ. ಅವರು 1983ರಲ್ಲಿ ಆರಂಭಿಸಿದ, ಮುಕ್ತ ತಂತ್ರಾಂಶ ಕಟ್ಟುವ ಗ್ನೂ ಯೋಜನೆಯ ಹಿಂದೆ ಆ ಕಹಿಯೂ ಇದೆ. ಪ್ರಿಂಟರ್ ಯಾರ ಮಾತು ಕೇಳಬೇಕು ಎಂಬ ಜಗಳ ಅಷ್ಟು ಹಳೆಯದು.

ಡಾಸ್ ಕಾಲದಲ್ಲಿ ಪ್ರತಿ ತಂತ್ರಾಂಶಕ್ಕೂ ತನ್ನದೇ ಪ್ರಿಂಟರ್ ಕಡತ ಬೇಕಿತ್ತು. ವಿಂಡೋಸ್ ಎಲ್ಲಕ್ಕೂ ಒಂದೇ ಡ್ರೈವರ್ ಮಾಡಿತು. ಆ ಅನುಕೂಲವೇ ಅಗ್ಗದ ಲೇಸರಿಗೂ ದಾರಿಯಾಯಿತು. ಪುಟವನ್ನು ಕಂಪ್ಯೂಟರೇ ಚುಕ್ಕಿಗಳಾಗಿಸಿ ಕಳಿಸಿದರೆ ಯಂತ್ರಕ್ಕೆ 2 ಎಂಬಿ ಮೆಮೊರಿ ಸಾಕು. ಎಲ್‌ಬಿಪಿ2900 ಮಾತಾಡುವುದು ಕ್ಯಾಪ್ಟ್ ಎಂಬ ಕ್ಯಾನನ್ನಿನ ಒಳಭಾಷೆ. ಲೇಸರ್‌ಜೆಟ್ 1020 ಇನ್ನೂ ಒಂದು ಹೆಜ್ಜೆ ಮುಂದೆ: ಅದರ ಫರ್ಮ್‌ವೇರ್ ಸಹ ಒಳಗಿಲ್ಲ, ಆನ್ ಮಾಡಿದಾಗಲೆಲ್ಲ ಡ್ರೈವರ್ ಅದನ್ನು ತುಂಬಬೇಕು. ಡ್ರೈವರ್ ಇಲ್ಲದಿದ್ದರೆ ಇವು ಖಾಲಿ ಪೆಟ್ಟಿಗೆಗಳೇ. 64-ಬಿಟ್ ವಿಂಡೋಸ್ ಬಂದಾಗ ಹೊಸ ಡ್ರೈವರ್ ಬರೆಯದ ಮಾದರಿಗಳೆಲ್ಲ ಕೆಲಸ ನಿಲ್ಲಿಸಿದವು. ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆರ್ಮ್ ಎಂಬ ಬೇರೆ ಬಗೆಯ ಪ್ರೊಸೆಸರಿನ ಲ್ಯಾಪ್‌ಟಾಪುಗಳಿಗಂತೂ ಆರ್ಮ್‌ಗೆಂದೇ ಬರೆದ ಡ್ರೈವರ್ ಬೇಕು.

2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ಭದ್ರತಾ ಲೋಪ ಬಯಲಾಯಿತು. ವಿಂಡೋಸ್‌ನ ಸ್ಪೂಲರ್, ಅಂದರೆ ಮುದ್ರಣದ ಸಾಲನ್ನು ನೋಡಿಕೊಳ್ಳುವ ತಂತ್ರಾಂಶ, ಅತ್ಯುನ್ನತ ಅಧಿಕಾರದಲ್ಲಿ ಓಡುತ್ತದೆ. ಡ್ರೈವರ್ ನೆಪದಲ್ಲಿ ಯಾವ ಕಡತ ಬೇಕಾದರೂ ಒಳನುಗ್ಗಬಹುದಿತ್ತು. 2023ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್, ಕಂಪನಿಗಳ ಪ್ರತ್ಯೇಕ ಡ್ರೈವರುಗಳಿಗೆ ವಿಂಡೋಸ್ ಅಪ್‌ಡೇಟ್ ಮೂಲಕ ಕೊಡುವ ಬೆಂಬಲವನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಪ್ರಕಟಿಸಿತು. ಅವುಗಳ ಜಾಗಕ್ಕೆ ಬರುವುದು ಐಪಿಪಿ ಎಂಬ ಸಾಮಾನ್ಯ ಭಾಷೆ. 2010ರಲ್ಲಿ ಆಪಲ್ ತಂದ ಏರ್‌ಪ್ರಿಂಟ್, 2013ರಲ್ಲಿ ಹುಟ್ಟಿದ ಮೋಪ್ರಿಯಾ ಎರಡೂ ಅದನ್ನೇ ಆಧರಿಸಿವೆ. ಡಬ್ಬದ ಮೇಲೆ ಈ ಎರಡರಲ್ಲೊಂದು ಹೆಸರಿದ್ದರೆ ಯಂತ್ರ ಡ್ರೈವರಿಲ್ಲದೆ ಫೋನು, ಲಿನಕ್ಸ್, ವಿಂಡೋಸ್ ಎಲ್ಲಕ್ಕೂ ಒಗ್ಗುತ್ತದೆ. ಕೊಳ್ಳುವ ಮುನ್ನ ನೋಡಲೇಬೇಕಾದದ್ದು ಇದು. ಹಳೆಯ ಯಂತ್ರವಿದ್ದವರು ವಿಂಡೋಸ್ 11ರ ‘ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್’ ಆನ್ ಮಾಡಬೇಡಿ. ಹಳೆಯ ಡ್ರೈವರುಗಳನ್ನು ಅದು ಕಿತ್ತುಹಾಕುತ್ತದೆ.

ಡ್ರೈವರ್ ಇದ್ದೂ ಮುದ್ರಣವಾಗದಿದ್ದರೆ ಹೆಚ್ಚಾಗಿ ತಪ್ಪು ಪೋರ್ಟಿನದು. ಯುಎಸ್‌ಬಿ ತಂತಿಯನ್ನು ಬೇರೆ ಕಿಂಡಿಗೆ ಹಾಕಿದರೆ ವಿಂಡೋಸ್ ‘ಕಾಪಿ 1’ ಎಂಬ ಹೊಸ ಹೆಸರು ಸೇರಿಸುತ್ತದೆ, ಕೆಲಸ ಮಾತ್ರ ಹಳೆಯದಕ್ಕೇ ಹೋಗಿ ನಿಲ್ಲುತ್ತದೆ. ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಪುಟದಲ್ಲಿ ಸರಿಯಾದದ್ದನ್ನು ಆರಿಸಿ. ಮುದ್ರಣದ ಸಾಲು ಅಳಿಸಲಾಗದೆ ಸಿಕ್ಕಿಕೊಂಡರೆ ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ಸಿಸ್ಟಮ್32 ಒಳಗಿನ ಸ್ಪೂಲ್ ಫೋಲ್ಡರಿನ ಪ್ರಿಂಟರ್ಸ್ ಫೋಲ್ಡರನ್ನು ಖಾಲಿ ಮಾಡಿ, ಮತ್ತೆ ಆರಂಭಿಸಿ. ವೈಫೈ ಯಂತ್ರ ಪದೇ ಪದೇ ‘ಆಫ್‌ಲೈನ್’ ಎಂದರೆ ರೂಟರಿನಲ್ಲಿ ಅದಕ್ಕೊಂದು ಸ್ಥಿರ ಐಪಿ ವಿಳಾಸ ಕೊಡಿ. ಮನೆಯ ಪ್ರಿಂಟರುಗಳು ಬಹುತೇಕ 2.4 ಗಿಗಾಹರ್ಟ್ಸ್ ಸಂಪರ್ಕವನ್ನಷ್ಟೇ ಹಿಡಿಯುತ್ತವೆ. ಕನ್ನಡ ಪಿಡಿಎಫ್‌ನಲ್ಲಿ ಒತ್ತಕ್ಷರ ಕಳಚಿದರೆ ಅಡೋಬಿ ರೀಡರಿನ ಪ್ರಿಂಟ್ ಕಿಟಕಿಯಲ್ಲಿ ಅಡ್ವಾನ್ಸ್‌ಡ್ ಒತ್ತಿ ‘ಪ್ರಿಂಟ್ ಆ್ಯಸ್ ಇಮೇಜ್’ ಆರಿಸಿ.

ಡ್ರೈವರ್ ಸಿಗದ ಹಳೆಯ ಲೇಸರನ್ನು ಗುಜರಿಗೆ ಹಾಕುವ ಮೊದಲು ಇನ್ನೊಂದು ದಾರಿಯಿದೆ. 1999ರಲ್ಲಿ ಬಂದ, ಮುಂದೆ ಆಪಲ್ ಕೂಡ ಅಪ್ಪಿಕೊಂಡ ಕಪ್ಸ್ ಎಂಬ ಮುಕ್ತ ಮುದ್ರಣ ವ್ಯವಸ್ಥೆ ಲಿನಕ್ಸ್‌ನಲ್ಲಿದೆ. ಪ್ರಿಂಟರನ್ನು ಲಿನಕ್ಸ್ ಯಂತ್ರಕ್ಕೆ ಜೋಡಿಸಿ ಕಪ್ಸ್‌ನಲ್ಲಿ ಹಂಚಿಕೆ ತೆರೆದರೆ ಮನೆಯ ಫೋನು, ಲ್ಯಾಪ್‌ಟಾಪುಗಳಿಗೆ ಅದು ಐಪಿಪಿ ಪ್ರಿಂಟರಾಗಿ ಕಾಣುತ್ತದೆ. ಲೇಸರ್‌ಜೆಟ್ 1020ಕ್ಕೆ ಮುಕ್ತ ಡ್ರೈವರ್ ಇರುವುದರಿಂದ ಅಂಗೈಯಗಲದ ಕಂಪ್ಯೂಟರಾದ ರಾಸ್ಪ್‌ಬೆರಿ ಪೈ ಸಾಕು. ಎಲ್‌ಬಿಪಿ2900ರ ಕ್ಯಾನನ್ ಡ್ರೈವರ್ ಇಂಟೆಲ್ ಮಾದರಿಯ ಪ್ರೊಸೆಸರಿಗೆಂದು ಕಟ್ಟಿದ್ದು. ಅದಕ್ಕೆ ಹಳೆಯ ಲ್ಯಾಪ್‌ಟಾಪನ್ನೇ ಮೀಸಲಿಟ್ಟು, 32-ಬಿಟ್ ಲೈಬ್ರರಿಗಳನ್ನೂ ಹಾಕಿಕೊಳ್ಳಿ.