ಫ್ಲೋರಿನ್ ಎಂಆರ್‌ಐ ಟಿಪ್ಪಣಿ: ಟಿಆರ್ ಎಷ್ಟಿಡಬೇಕು?

ಪರ್‌ಫ್ಲೋರೋಕಾರ್ಬನ್ (ಹೈಡ್ರೋಜನ್ ಜಾಗದಲ್ಲೆಲ್ಲ ಫ್ಲೋರಿನ್ ಇರುವ ಕಾರ್ಬನ್ ಸಂಯುಕ್ತ) ಕೊಟ್ಟು ಮಾಡುವ ಫ್ಲೋರಿನ್-19 ಎಂಆರ್‌ಐ ಓದುತ್ತಿರುವವರಿಗೆ ಈ ಟಿಪ್ಪಣಿ. ಟಿ1, ಟಿ2, ಫ್ಲಿಪ್ ಆ್ಯಂಗಲ್ ಗೊತ್ತಿದೆ ಅಂದುಕೊಂಡು ಬರೆಯುತ್ತಿದ್ದೇನೆ. ಟಿಆರ್ ಅಂದರೆ ಒಂದು ಪಲ್ಸ್‌ನಿಂದ ಮುಂದಿನ ಪಲ್ಸ್‌ವರೆಗಿನ ಸಮಯ.

ಫ್ಲೋರಿನ್ ಯಾಕೆ ಅನ್ನೋದು ಸುಲಭ. ಪ್ರಕೃತಿಯಲ್ಲಿ ಸಿಗುವ ಫ್ಲೋರಿನ್ ಎಲ್ಲಾ 19ನೇ ಐಸೊಟೋಪೇ. 3 ಟೆಸ್ಲಾದಲ್ಲಿ ಪ್ರೋಟಾನ್ 128 ಮೆಗಾಹರ್ಟ್ಸ್ ಆದರೆ ಇದು 120, ತುಂಬಾ ದೂರವೇನಿಲ್ಲ. ಮೈಯಲ್ಲಿರುವ ಫ್ಲೋರಿನ್ ಹಲ್ಲು, ಮೂಳೆಯಲ್ಲಿ ಗಟ್ಟಿಯಾಗಿ ಕೂತಿರುವುದರಿಂದ ಅದರ ಸಿಗ್ನಲ್ ನಾವು ಅಳೆಯುವ ಮೊದಲೇ ಮಾಯ. ಹಾಗಾಗಿ ಚಿತ್ರದಲ್ಲಿ ಹೊಳೆಯುವುದೆಲ್ಲ ನಾವು ಕೊಟ್ಟ ಏಜೆಂಟೇ. 2005ರಲ್ಲಿ ಎರಿಕ್ ಆರೆನ್ಸ್ ತಂಡ ಡೆಂಡ್ರಿಟಿಕ್ ಕೋಶಗಳಿಗೆ (ಒಂದು ಬಗೆಯ ರೋಗನಿರೋಧಕ ಕೋಶ) ಪರ್‌ಫ್ಲೋರೋಪಾಲಿಈಥರ್ ತುಂಬಿಸಿ, ಇಲಿಯ ಮೈಯಲ್ಲಿ ಅವನ್ನು ಪತ್ತೆಹಚ್ಚಿದ್ದು ಇದೇ ಗುಣದಿಂದ. ತೊಂದರೆ ಇರುವುದು ಪ್ರಮಾಣದಲ್ಲಿ. ನೀರಿನಲ್ಲಿ ಪ್ರೋಟಾನ್ ಲೀಟರಿಗೆ ಸುಮಾರು 110 ಮೋಲ್, ಅಂಗಾಂಶದಲ್ಲಿ ಫ್ಲೋರಿನ್ ಬರೀ ಮಿಲಿಮೋಲ್‌ಗಳಲ್ಲಿ.

ಏಜೆಂಟ್ ಆಯ್ಕೆ ಬಗ್ಗೆ ಚಿಕ್ಕದಾಗಿ. ಪರ್‌ಫ್ಲೋರೋ-15-ಕ್ರೌನ್-5-ಈಥರ್‌ನಲ್ಲಿ (ಮುಂದೆ ಬರೀ ಕ್ರೌನ್ ಈಥರ್) 20 ಫ್ಲೋರಿನ್, ಎಲ್ಲವೂ ಒಂದೇ ಥರ, ಒಂದೇ ಪೀಕ್. ಚಿತ್ರ ತೆಗೆಯಲು ಇದಕ್ಕಿಂತ ಒಳ್ಳೆಯದು ಬೇಕಿಲ್ಲ, ಆದರೆ ದೇಹ ಬಿಟ್ಟು ಹೋಗಲು ಬಹಳ ಕಾಲ ಹಿಡಿಯುತ್ತದೆ. ಪರ್‌ಫ್ಲೋರೋಆಕ್ಟೈಲ್ ಬ್ರೋಮೈಡ್ ಬೇಗ ಹೊರಹೋಗುತ್ತದೆ, ಆದರೆ ಅದರ 17 ಫ್ಲೋರಿನ್ ಹಲವು ಪೀಕ್‌ಗಳಲ್ಲಿ ಹಂಚಿಹೋಗಿವೆ. ತುದಿಯ ಸಿಎಫ್3 ಪೀಕ್‌ಗೂ ಮಧ್ಯದ ಸಿಎಫ್2 ಪೀಕ್‌ಗಳಿಗೂ ಸುಮಾರು 40 ಪಿಪಿಎಂ ಅಂತರ. 3 ಟೆಸ್ಲಾದಲ್ಲಿ ಅದು 4800 ಹರ್ಟ್ಸ್. ಪಿಕ್ಸೆಲಿಗೆ 200 ಹರ್ಟ್ಸ್ ಬ್ಯಾಂಡ್‌ವಿಡ್ತ್ ಇಟ್ಟರೆ ಅದೇ ವಸ್ತುವಿನ ಇನ್ನೊಂದು ಚಿತ್ರ 24 ಪಿಕ್ಸೆಲ್ ಆಚೆ ಮೂಡುತ್ತದೆ! ಅದನ್ನು ತಪ್ಪಿಸಲು ಒಂದೇ ಗುಂಪನ್ನು ಎಬ್ಬಿಸಿದರೆ ಉಳಿದ ಫ್ಲೋರಿನ್ ಸುಮ್ನೆ ವ್ಯರ್ಥ.

ಈಗ ಟಿಆರ್. ಎಲ್ಲರೂ ಎಡವುವುದು ಇಲ್ಲೇ. ಟಿ1ರ ಐದು ಪಟ್ಟು ಕಾದರೆ ಸಿಗ್ನಲ್ ಪೂರ್ತಿ ಮರಳುತ್ತದೆ, ಹಾಗಾದ್ರೆ ಅದೇ ಒಳ್ಳೆಯದಲ್ವಾ? ಅಲ್ಲ. ನಮಗೆ ಬೇಕಾಗಿರುವುದು ಒಂದು ಸಲದ ಸಿಗ್ನಲ್ ಅಲ್ಲ, ಒಟ್ಟು ಸಮಯದಲ್ಲಿ ಸಿಗುವ ಸಿಗ್ನಲ್-ನಾಯ್ಸ್ ಅನುಪಾತ. ಅದು ಎಷ್ಟು ಸಲ ಅಳೆದೆವೋ ಅದರ ವರ್ಗಮೂಲದಂತೆ ಏರುತ್ತದೆ. ಟಿ1 ಮರಳುವುದು ಫೋನ್ ಚಾರ್ಜ್ ಆದ ಹಾಗೆ: ಮೊದಲ ಭಾಗ ಬೇಗ ತುಂಬುತ್ತದೆ, ಕೊನೆಯ ಸ್ವಲ್ಪಕ್ಕೇ ಜಾಸ್ತಿ ಹೊತ್ತು. ಆ ಕೊನೆಯ ಸ್ವಲ್ಪಕ್ಕಾಗಿ ಕಾಯುವ ಹೊತ್ತಿನಲ್ಲಿ ಇನ್ನೂ ಹಲವು ಸಲ ಅಳೆಯಬಹುದು.

ಲೆಕ್ಕ ಹಾಕೋಣ. ಟಿ1 1 ಸೆಕೆಂಡ್, ಸ್ಕ್ಯಾನ್ 10 ನಿಮಿಷ, ಪಲ್ಸ್ 90 ಡಿಗ್ರಿ ಅಂತಿಟ್ಟುಕೊಳ್ಳಿ. ಟಿಆರ್ 5 ಸೆಕೆಂಡ್ ಆದರೆ 120 ಪಲ್ಸ್, ಪ್ರತಿ ಸಲ 0.99 ಸಿಗ್ನಲ್ (ಪೂರ್ತಿ ಸಿಗ್ನಲ್ ಅಂದರೆ 1). 120ರ ವರ್ಗಮೂಲದಿಂದ ಗುಣಿಸಿದರೆ 10.9. ಟಿಆರ್ 1.25 ಸೆಕೆಂಡಿಗೆ ಇಳಿಸಿದರೆ ಪ್ರತಿ ಸಲ 0.71 ಮಾತ್ರ, ಆದರೆ 480 ಪಲ್ಸ್, ಉತ್ತರ 15.6. ಅದೇ 10 ನಿಮಿಷದಲ್ಲಿ ಶೇ 44ರಷ್ಟು ಲಾಭ! ಹಾಗಂತ ಇನ್ನೂ ಇಳಿಸುತ್ತಾ ಹೋಗುವಂತಿಲ್ಲ. 0.5 ಸೆಕೆಂಡಿನಲ್ಲಿ 1200 ಪಲ್ಸ್, ಪ್ರತಿ ಸಲ 0.39, ಉತ್ತರ 13.6ಕ್ಕೆ ಇಳಿಯುತ್ತದೆ. 90 ಡಿಗ್ರಿಗೆ ಶಿಖರ ಇರುವುದು ಟಿ1ರ 1.26 ಪಟ್ಟಿನಲ್ಲಿ. ಈ ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ.

90 ಡಿಗ್ರಿ ಹಟ ಬಿಟ್ಟರೆ ಇನ್ನೂ ಸಿಗುತ್ತದೆ. ಅದೇ 0.5 ಸೆಕೆಂಡ್ ಟಿಆರ್‌ಗೆ ಅರ್ನ್‌ಸ್ಟ್ ಕೋನ (ಆ ಟಿಆರ್‌ಗೆ ಅತಿ ಹೆಚ್ಚು ಸಿಗ್ನಲ್ ಕೊಡುವ ಫ್ಲಿಪ್ ಆ್ಯಂಗಲ್) ಸುಮಾರು 53 ಡಿಗ್ರಿ, ಉತ್ತರ 17.1. ಕ್ರೌನ್ ಈಥರ್‌ನಂತೆ ಟಿ2 ಉದ್ದ ಇದ್ದರೆ ಒಂದೇ ಪಲ್ಸ್ ನಂತರ ಹಲವು ಎಕೋ ತೆಗೆಯುವ ಟರ್ಬೋ ಸ್ಪಿನ್ ಎಕೋ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನೊಂದು ಗಂಟು ಉಳಿದಿದೆ. ಪರ್‌ಫ್ಲೋರೋಕಾರ್ಬನ್‌ಗೆ ಆಕ್ಸಿಜನ್ ಅಂದರೆ ಬಹಳ ಪ್ರೀತಿ, ಕರಗಿದ ಆಕ್ಸಿಜನ್ ಜಾಸ್ತಿಯಾದಷ್ಟೂ ಟಿ1 ಕಮ್ಮಿ. ಎಷ್ಟು ಫ್ಲೋರಿನ್ ಇದೆ ಅಂತ ಎಣಿಸಲು ಪಕ್ಕದಲ್ಲಿ ಇಡುವ ರೆಫರೆನ್ಸ್ ಟ್ಯೂಬ್‌ನಲ್ಲಿ ಗಾಳಿಯಷ್ಟೇ ಆಕ್ಸಿಜನ್ ಇರುತ್ತದೆ, ಅಂಗಾಂಶದಲ್ಲಿ ಅದಕ್ಕಿಂತ ತೀರಾ ಕಮ್ಮಿ. ಟ್ಯೂಬ್‌ನ ಟಿ1 1 ಸೆಕೆಂಡ್, ಅಂಗಾಂಶದ್ದು 1.5 ಅಂತಿಟ್ಟುಕೊಂಡು 1.25 ಸೆಕೆಂಡ್ ಟಿಆರ್‌ನಲ್ಲಿ ಹೋಲಿಸಿದರೆ, ನಿಜವಾಗಿ 100 ಇರುವಲ್ಲಿ 79 ಅಂತ ಓದುತ್ತದೆ. ಇದಕ್ಕೆ ಟಿಆರ್ ಉದ್ದ ಮಾಡಿ ಸಿಗ್ನಲ್-ನಾಯ್ಸ್ ಅನುಪಾತ ಕಳೆದುಕೊಳ್ಳಬಹುದು, ಇಲ್ಲವೇ ಎರಡೂ ಕಡೆ ಟಿ1 ಅಳೆದು ತಿದ್ದಬಹುದು. ನಾನಾದರೆ ಅಳೆಯುತ್ತೇನೆ, ಯಾಕಂದ್ರೆ ಅದೇ ಟಿ1ನಿಂದ ಅಂಗಾಂಶದಲ್ಲಿ ಆಕ್ಸಿಜನ್ ಎಷ್ಟಿದೆ ಅನ್ನೋದೂ ಗೊತ್ತಾಗುತ್ತದೆ.