ಬೆಡಿಯ ಒದೆತ, ತೆಂಗಿನಕಾಯಿಯ ಲೆಕ್ಕ

ನಮ್ಮ ಕಡೆ ‘ಬೆಡಿ’ ಅಂದರೆ ಎರಡು. ಕುಂಬಳೆ ಜಾತ್ರೆಯ ರಾತ್ರಿ ಆಕಾಶದಲ್ಲಿ ಸಿಡಿಯುವುದೂ ಬೆಡಿ, ಮಾವನ ಮನೆಯ ಒಳಕೋಣೆಯ ಮೂಲೆಗೆ ಒರಗಿರುವ ಜೋಡು ನಳಿಗೆಯ ಕೋವಿಯೂ ಬೆಡಿ. ‘ಮದ್ದು’ ಅಂದರೆ ಮೂರು. ನೋವಿಗೆ ಹಚ್ಚುವುದು, ಕೊಳೆರೋಗ ಬಾರದಂತೆ ಮಳೆಗಾಲದಲ್ಲಿ ಅಡಿಕೆ ಮರಕ್ಕೆ ಬಿಡುವ ಬೋರ್ಡೋ ದ್ರಾವಣ, ಕೋವಿಗೆ ತುಂಬುವ ತೋಟಾದೊಳಗೆ ಉರಿಯುವುದು. ನಾನು ಮೊದಲ ಸಲ ಬೆಡಿ ಬಿಟ್ಟ ದಿನ, ಮೂರನೆಯ ಮದ್ದು ಒದ್ದ ಜಾಗಕ್ಕೆ ಅತ್ತೆ ಮೊದಲನೆಯ ಮದ್ದು ಹಚ್ಚಿದರು.

ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಮುರಕಲ್ಲು ಕಡಿದು ಬಿಟ್ಟ ಹಳೇ ಕೋರೆ. ಹಿಂದೆ ಎರಡಾಳೆತ್ತರದ ಮುರದ ಗೋಡೆ, ಅದರ ಮುಂದೆ ಇದ್ದಲಿನಲ್ಲಿ ವೃತ್ತ ಬರೆದ ಅಡಿಕೆ ಹಾಳೆ. ಮೊದಲ ಈಡಿಗೆ ಹೆಗಲು ಉರಿಯಿತು, ಹಾಳೆಗೆ ತೋಟಾದೊಳಗಿನ ಕಾಳಿನಂಥ ಗುಂಡು, ಅಂದರೆ ಚರೆ, ಒಂದೇ ಒಂದೂ ತಾಗಿರಲಿಲ್ಲ. ಎರಡನೆಯ ಸಲ ಮಾವ ತಾವೇ ಕೋವಿ ಮುರಿದು, ಅಂದರೆ ನಳಿಗೆಯನ್ನು ಬುಡದಲ್ಲಿ ಬಾಗಿಸಿ ತೆರೆದು, ತುಂಬಿಸಿ ಕೊಟ್ಟರು. ಗುರಿ ಹಿಡಿದು ಕುದುರೆ (ಟ್ರಿಗರ್) ಎಳೆದೆ. ‘ಟಿಕ್’ ಅಂದಿತು ಅಷ್ಟೆ. ಸಿಡಿಯಲೇ ಇಲ್ಲ. ಆದರೆ ನಳಿಗೆಯ ತುದಿ ಮಾತ್ರ ಒಂದು ಗೇಣು ಕೆಳಕ್ಕೆ ಕುಸಿದಿತ್ತು, ನನ್ನ ಎರಡೂ ಕಣ್ಣು ಮುಚ್ಚಿದ್ದವು. ಅವರು ಹಾಕಿದ್ದು ಮೊದಲೇ ಸುಟ್ಟುಹೋದ ಖಾಲಿ ತೋಟಾ.

“ಬೆಡಿ ನಿನ್ನನ್ನು ಒದೆಯುವ ಮೊದಲು ನೀನೇ ಬೆಡಿಯನ್ನು ಒದ್ದೆ ಮಾರಾಯ” ಅಂದರು ಮಾವ.

ಬೇಟೆಗೂ ಗುರಿಸ್ಪರ್ಧೆಗೂ ಒಗ್ಗುವ, ಒದೆತ ಕಡಿಮೆ ಇರುವ ರೈಫಲ್ ತೋಟಾ ಯಾವುದು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಗುಂಡಿನ ವೇಗ, ತೂಕ, ಶಕ್ತಿಗಳ ಪಟ್ಟಿ ಹಿಡಿದು ಕೂರುತ್ತಾರೆ. ನನ್ನ ಮಟ್ಟಿಗೆ ಉತ್ತರ ಶುರುವಾಗುವುದು ಆ ಒಂದು ಗೇಣಿನಿಂದ.

ಒದೆತ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರುವ ಸಂಗತಿಯೇ. ಚಂದ್ರಗಿರಿ ಹೊಳೆಯಲ್ಲಿ ದೋಣಿಯಿಂದ ದಡಕ್ಕೆ ಹಾರಿದರೆ ದೋಣಿ ಹಿಂದೆ ಸರಿಯುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ಗುಂಡು ಮುಂದಕ್ಕೆ ಒಯ್ಯುವ ಸಂವೇಗದಷ್ಟೇ (ತೂಕವನ್ನು ವೇಗದಿಂದ ಗುಣಿಸಿದ್ದು) ಕೋವಿ ಹಿಂದಕ್ಕೆ ತರುತ್ತದೆ. ಇಲ್ಲಿ ಹಲವರು ಮರೆಯುವ ಒಂದು ಬಾಬತ್ತಿದೆ: ಉರಿದ ಮದ್ದು. ಅನಿಲವಾಗಿ ಮಾರ್ಪಟ್ಟ ಅದು ನಳಿಗೆಯ ಬಾಯಿಂದ ಗುಂಡಿಗಿಂತಲೂ ಜೋರಾಗಿ ನುಗ್ಗುತ್ತದೆ. ಅಡಿಕೆಗೆ ಮದ್ದು ಬಿಡುವಾಗ ಪಂಪಿನ ಒತ್ತಡ ಏರಿದರೆ ಕೈಯಲ್ಲಿರುವ ಗನ್ನು ಹಿಂದಕ್ಕೆ ತಳ್ಳುತ್ತದಲ್ಲ, ಅದೇ ಆಟ. ರೈಫಲ್ಲಿನ ಒದೆತದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಈ ಅನಿಲದ್ದು.

ಒಂದು ಸಂಜೆ ಕಾಗದ ತೆಗೆದು ಲೆಕ್ಕ ಹಾಕಿದೆ. 3.6 ಕಿಲೋ ತೂಕದ ರೈಫಲ್, 9.1 ಗ್ರಾಂ ಗುಂಡು, ಸೆಕೆಂಡಿಗೆ 820 ಮೀಟರ್ ವೇಗ, 3 ಗ್ರಾಂ ಮದ್ದು. ಇದು 7×57 ಮೌಸರ್ ಎಂಬ ತೋಟಾದ ಜಾತಕ: 7 ಅಂದರೆ ನಳಿಗೆಯ ಒಳವ್ಯಾಸ ಮಿಲಿಮೀಟರಿನಲ್ಲಿ, 57 ಅಂದರೆ ಹಿತ್ತಾಳೆ ಕವಚದ ಉದ್ದ. ಮುಂದಕ್ಕೆ ಹೋಗುವ ಗುಂಡಿನ ಶಕ್ತಿ ಸುಮಾರು 3,060 ಜೂಲ್. ಹೆಗಲಿಗೆ ಬರುವುದು ಬರೀ 17 ಜೂಲ್. ಸಂವೇಗ ಸಮಪಾಲಾದರೂ ಶಕ್ತಿಯ ಹಂಚಿಕೆಯಲ್ಲಿ ಹಗುರವಾದದ್ದಕ್ಕೇ ಸಿಂಹಪಾಲು, ಭಾರವಾದದ್ದಕ್ಕೆ ಚಿಲ್ಲರೆ. ಹೀಗಾಗಿಯೇ ಕೋವಿ ಹೊಡೆದವನು ಬದುಕುತ್ತಾನೆ.

17 ಜೂಲ್ ಅಂದರೆಷ್ಟು? ಸಿಪ್ಪೆ ಸುಲಿಯದ, 1.2 ಕಿಲೋ ತೂಗುವ ತೆಂಗಿನಕಾಯಿಯೊಂದು ಒಂದೂವರೆ ಮೀಟರಿನಷ್ಟು ಎತ್ತರದಿಂದ ಬಿದ್ದಂತೆ. ಅಮೆರಿಕದವರ ಅಚ್ಚುಮೆಚ್ಚಿನ .30-06 ತೋಟಾದಲ್ಲಿ 11.7 ಗ್ರಾಂ ಗುಂಡು ಹಾಕಿ, ಅಷ್ಟೇ ತೂಕದ ರೈಫಲ್ಲಿನಿಂದ ಹೊಡೆದರೆ 27 ಜೂಲ್. ಅದೇ ಕಾಯಿ ಎರಡೂಕಾಲು ಮೀಟರಿನಿಂದ ಬಿದ್ದಂತೆ. ಹಾಗೆಯೇ ಮಾವನ ಹನ್ನೆರಡು ಬೋರಿನ ಕೋವಿಯನ್ನೂ ಲೆಕ್ಕಕ್ಕೆ ಹಿಡಿದೆ. 32 ಗ್ರಾಂ ಚರೆ, ಸೆಕೆಂಡಿಗೆ 365 ಮೀಟರ್, ಕೋವಿ 3.2 ಕಿಲೋ. ಉತ್ತರ 32 ಜೂಲ್! ಎರಡು ಸಲ ಮಾಡಿ ನೋಡಿದೆ, ಬದಲಾಗಲಿಲ್ಲ. ಹುಲಿಯನ್ನೂ ಹೊಡೆಯುವ 7×57 ರೈಫಲ್ಲಿಗಿಂತ ನಮ್ಮ ಹಂದಿ ಓಡಿಸುವ ಬೆಡಿಯ ಒದೆತವೇ ಹೆಚ್ಚುಕಡಿಮೆ ಇಮ್ಮಡಿ. ಅಂದು ನೀಲಿಗಟ್ಟಿದ ಹೆಗಲಿನ ಮಾನ ಸ್ವಲ್ಪ ಉಳಿಯಿತು.

ಈಗ ನಿಜವಾಗಿ ಸೋಜಿಗದ ಭಾಗ. ಕುದುರೆ ಎಳೆದು ಮದ್ದು ಹೊತ್ತಿಕೊಂಡ ಮೇಲೆ ಅರವತ್ತು ಸೆಂಟಿಮೀಟರ್ ನಳಿಗೆಯನ್ನು ದಾಟಲು ಗುಂಡಿಗೆ ಒಂದೂವರೆ ಮಿಲಿಸೆಕೆಂಡ್ ಸಾಕು. ಅಷ್ಟರಲ್ಲಿ ರೈಫಲ್ ಹಿಂದೆ ಸರಿದಿರುವುದು ಎರಡು ಮಿಲಿಮೀಟರಿಗೂ ಕಡಿಮೆ. ಆ ಚಲನೆಯೂ ಪ್ರತಿಸಲ ಒಂದೇ ರೀತಿ ಇರುವುದರಿಂದ ಗುರಿಕಣ್ಣು ಹೊಂದಿಸುವಾಗಲೇ ಅದು ಲೆಕ್ಕಕ್ಕೆ ಸೇರಿರುತ್ತದೆ. ಮೈಗೆ ತಾಗಿದ್ದಕ್ಕೆ ಮನುಷ್ಯ ಪ್ರತಿಕ್ರಿಯಿಸಲು ಅದರ ನೂರು ಪಟ್ಟು ಹೊತ್ತು ಬೇಕು. ಅಂದರೆ ಹೆಗಲಿಗೆ ಒದೆತ ತಿಳಿಯುವಾಗ ಗುಂಡು ಗುರಿ ಮುಟ್ಟಿಯೋ ತಪ್ಪಿಯೋ ಆಗಿರುತ್ತದೆ. ಒದೆತ ಗುರಿ ಕೆಡಿಸುವುದಿಲ್ಲ. ಈಗ ಒದೆಯುತ್ತದೆ ಎಂದು ಮೈ ಮೊದಲೇ ಬಿಗಿಯುತ್ತದಲ್ಲ, ಕೆಡಿಸುವುದು ಅದು. ಒಂದು ಗೇಣು ಕುಸಿದದ್ದು ಅಲ್ಲೇ.

ಹೆದರಿಕೆಯ ಇನ್ನೊಂದು ಪಾಲು ಕಿವಿಯದ್ದು. ರೈಫಲ್ಲಿನ ಸದ್ದು 160 ಡೆಸಿಬೆಲ್ ಆಸುಪಾಸಿಗೆ ಹೋಗುತ್ತದೆ, 140 ದಾಟಿದ ಒಂದೇ ಸದ್ದು ಕಿವಿಯನ್ನು ಕಾಯಂ ಆಗಿ ಹಾಳುಮಾಡಬಲ್ಲದು. ಬಲಗೈಯವರು ಗುರಿ ಹಿಡಿದಾಗ ಎಡಗಿವಿ ನಳಿಗೆಯ ಬಾಯಿಗೆ ಹತ್ತಿರ, ಬಲಗಿವಿ ತಲೆಯ ಮರೆಯಲ್ಲಿ. ಮಾವನನ್ನು ಈಗಲೂ ಬಲಬದಿಯಿಂದಲೇ ಮಾತಾಡಿಸಬೇಕು.

ಇನ್ನು ಆಯ್ಕೆಯ ಮಾತು. ನನ್ನ ಮತ 7×57ಕ್ಕೆ. ಪೌಲ್ ವಿಯೇ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1884ರಲ್ಲಿ ಹೊಗೆಯಿಲ್ಲದ ಮದ್ದು ತಯಾರಿಸುವ ತನಕ ಸೈನಿಕರ ಕೋವಿಗಳಿಗೆ ಕರಿಮದ್ದೇ ಗತಿ. ನಮ್ಮ ಅಜ್ಜಂದಿರ ಕೇಪಿನ ಕೋವಿಗೆ ತುಂಬಿ ಜಡಿಯುತ್ತಿದ್ದದ್ದು ಅದನ್ನೇ. ಅದರಿಂದ ವೇಗ ಒಂದು ಮಿತಿಗಿಂತ ಮೇಲೆ ಏರುವುದಿಲ್ಲ. ಹಾಗಾಗಿ ಬಲ ಬೇಕಾದರೆ ದಪ್ಪ ಗುಂಡು ಬೇಕು, ದಪ್ಪ ಗುಂಡಿಗೆ ದೊಡ್ಡ ಒದೆತ. ಹೊಸ ಮದ್ದು ಬಂದದ್ದೇ ಗುಂಡು ಸಪೂರವಾಯಿತು. ಜರ್ಮನಿಯ ಮೌಸರ್ ಕಂಪನಿ 1892ರಲ್ಲಿ 7×57 ರೂಪಿಸಿತು, ಮರುವರ್ಷ ಸ್ಪೇನ್ ಸೇನೆ ಅದನ್ನು ಒಪ್ಪಿಕೊಂಡಿತು. 1898ರಲ್ಲಿ ಕ್ಯೂಬಾದ ಸಾನ್ ಹ್ವಾನ್ ಗುಡ್ಡದ ಮೇಲೆ ಇದೇ ರೈಫಲ್ ಹಿಡಿದ ಸ್ಪೇನಿನ ಸಣ್ಣ ತುಕಡಿ, ಹತ್ತಿ ಬರುತ್ತಿದ್ದ ಅಮೆರಿಕನ್ನರಿಗೆ ಎಷ್ಟು ಪೆಟ್ಟು ಕೊಟ್ಟಿತೆಂದರೆ ಗೆದ್ದವರೇ ಸೋತವರ ರೈಫಲ್ಲಿನ ವಿನ್ಯಾಸವನ್ನು ನಕಲು ಮಾಡಿದರು, ಮೌಸರ್‌ಗೆ ಎರಡು ಲಕ್ಷ ಡಾಲರ್ ತೆತ್ತರು.

ಇಂಗ್ಲಿಷರು ಜರ್ಮನ್ ಹೆಸರನ್ನು ಹೇಗೆ ಸಹಿಸುತ್ತಾರೆ? 7 ಮಿಲಿಮೀಟರ್ ಅಂದರೆ 0.2756 ಇಂಚು. ಅದನ್ನೇ ಲಂಡನ್ನಿನ ಕೋವಿ ಕಂಪನಿ ರಿಗ್ಬಿಯ ಹೆಸರು ಸೇರಿಸಿ ‘.275 ರಿಗ್ಬಿ’ ಎಂದು ಕರೆದು ಮಾರಿದರು. ಕುಮಾವೂನಿನ ಚಂಪಾವತ್ ಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಜಿಮ್ ಕಾರ್ಬೆಟ್ಟನಿಗೆ ಉಡುಗೊರೆಯಾಗಿ ಸಿಕ್ಕಿದ್ದು ಇದೇ ರೈಫಲ್. ಆಫ್ರಿಕಾದಲ್ಲಿ ‘ಕರಮೋಜೋ’ ಬೆಲ್ ಎಂಬ ಸ್ಕಾಟ್ಲೆಂಡಿನವನು ಸಾವಿರಕ್ಕೂ ಮಿಕ್ಕಿ ಆನೆಗಳನ್ನು ಕೊಂದ. ಓದುವಾಗ ಹೊಟ್ಟೆ ತೊಳಸುವ ಸಂಖ್ಯೆ. ಅವುಗಳಲ್ಲಿ ಬಹುಪಾಲು ಈ ಸಣ್ಣ ತೋಟಾಕ್ಕೆ ಬಿದ್ದವು. ಆತ ಆನೆಯ ತಲೆಬುರುಡೆಯನ್ನು ಸೀಳಿ ಮಿದುಳು ಎಲ್ಲಿದೆ ಎಂದು ನೋಡಿ ಕಲಿತಿದ್ದ, ಮತ್ತು ಕುದುರೆ ಎಳೆಯುವಾಗ ಕಣ್ಣು ಮುಚ್ಚುತ್ತಿರಲಿಲ್ಲ.

ಸಣ್ಣ ಗುಂಡು ಅಷ್ಟು ಆಳಕ್ಕೆ ಇಳಿಯುವುದು ಹೇಗೆ? ಅಡಿಕೆ ಗೋಣಿ ಹೊಲಿಯುವ ದಬ್ಬಣ ನೋಡಿ. ಅದೇ ತೂಕದ ಗಿಡ್ಡ ಮೊಳೆ ಗೋಣಿಯಲ್ಲಿ ಸಿಕ್ಕಿಕೊಳ್ಳುತ್ತದೆ, ದಬ್ಬಣ ಆಚೆ ಬರುತ್ತದೆ. ಮೂತಿಯ ವಿಸ್ತೀರ್ಣ ಸಣ್ಣದು, ಅದರ ಹಿಂದೆ ನಿಂತ ತೂಕ ದೊಡ್ಡದು. ಮೌಸರಿನ ಮೂಲ ಗುಂಡು 11.2 ಗ್ರಾಂ ತೂಗುವ, ಉದ್ದನೆಯ ಸಪೂರ ದಬ್ಬಣವೇ. ಗಾಳಿಯನ್ನು ಸೀಳಿಕೊಂಡು ಹೋಗಲೂ ಇದೇ ಗುಣ ಬೇಕು. ಹೀಗೆ ಬೇಟೆಗಾರನಿಗೂ ಕಾಗದಕ್ಕೆ ಹೊಡೆಯುವವನಿಗೂ ಒಂದೇ ಜಾತಿಯ ಗುಂಡು ಒಗ್ಗುತ್ತದೆ.

ಬರೀ ಕಾಗದಕ್ಕೇ ಹೊಡೆಯುವುದಾದರೆ ನಾನು ಇನ್ನೂ ಸಪೂರದ್ದಕ್ಕೆ ಕೈ ಹಾಕುತ್ತೇನೆ: ಸ್ವೀಡನ್ ಮತ್ತು ನಾರ್ವೆ ಕೂಡಿ ರೂಪಿಸಿ 1894ರಲ್ಲಿ ಸೇನೆಗೆ ತಂದ 6.5×55. ಅಲ್ಲಿನ ಗುರಿಕಾರರು ತಲೆಮಾರುಗಳಿಂದ ಅದನ್ನೇ ಹೊಡೆಯುತ್ತಿದ್ದಾರೆ, ಕುದುರೆಯಷ್ಟು ದೊಡ್ಡ ಮೂಸ್ ಕಡವೆಗೂ ಅದೇ. 2007ರಲ್ಲಿ ಬಂದು ಭಾರೀ ಹೆಸರು ಮಾಡಿದ 6.5 ಕ್ರೀಡ್‌ಮೂರ್ ಇದೆಯಲ್ಲ, ಅದು ಹೆಚ್ಚುಕಡಿಮೆ ಈ ಅಜ್ಜನಿಗೇ ಗಿಡ್ಡ ಅಂಗಿ ತೊಡಿಸಿದಂತೆ. ಇನ್ನು 7×57 ಆರಿಸುವವರಿಗೆ ಒಂದು ತೊಡಕಿದೆ. ನೂರಿಪ್ಪತ್ತು ವರ್ಷ ಹಳೆಯ ಮೌಸರ್‌ಗಳು ಇನ್ನೂ ಚಾಲ್ತಿಯಲ್ಲಿರುವುದರಿಂದ ಅಮೆರಿಕದ ಕಾರ್ಖಾನೆಗಳು ಈ ತೋಟಾವನ್ನು ಕಡಿಮೆ ಒತ್ತಡಕ್ಕೆ ತುಂಬುತ್ತವೆ, ಯುರೋಪಿನವು ಇನ್ನಷ್ಟು ಬಿಗಿಯಾಗಿ. ಪೆಟ್ಟಿಗೆಯ ಮೇಲೆ ಹೆಸರು ಒಂದೇ, ವೇಗ ಬೇರೆ. ಹಳೆಯ ರೈಫಲ್ಲಿಗೆ ಬಿಗಿಯಾದದ್ದನ್ನು ಹಾಕಬಾರದು.

ರೈಫಲ್ಲನ್ನೇ ಭಾರ ಮಾಡಿದರೂ ಒದೆತ ಇಳಿಯುತ್ತದೆ: ತೂಕ ಇಮ್ಮಡಿಯಾದರೆ ಒದೆತದ ಶಕ್ತಿ ಅರ್ಧ. ಗುರಿಸ್ಪರ್ಧೆಯವರ ರೈಫಲ್‌ಗಳು ಐದಾರು ಕಿಲೋ ತೂಗುವುದರಲ್ಲಿ ಇದೂ ಒಂದು ಲಾಭ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆಳಗಾವಿಯ ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ ಐವತ್ತು ಮೀಟರ್ ಸ್ಪರ್ಧೆಯಲ್ಲಂತೂ ತೋಟಾ .22 ಇಂಚಿನದ್ದು. ಗುಂಡು ಎರಡೂವರೆ ಗ್ರಾಂ ಚಿಲ್ಲರೆ, ಒದೆತ ಇದೆ ಎನ್ನಲೂ ಇಲ್ಲ. ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದೂ ಅದನ್ನೇ: ಶುರು .22ರಿಂದ. ಜೋಡು ನಳಿಗೆಯಿಂದ ಶುರು ಮಾಡಿದವನ ಗತಿ ಮೇಲೆ ಹೇಳಿದೆ.

ಹಾಗಾದರೆ ಬದಿಯಡ್ಕದ ಹಂದಿಗೆ 7×57 ಆಗಬಹುದೇ? ಖಂಡಿತ ಬೇಡ. ಬೇಟೆಯ ಷೋಕಿಗೆ 1972ರ ವನ್ಯಜೀವಿ ಕಾಯ್ದೆಯಡಿ ಇಲ್ಲಿ ಜಾಗವಿಲ್ಲ. ಕೃಷಿಗೆ ಉಪದ್ರ ಕೊಡುವ ಕಾಡುಹಂದಿಯನ್ನು ಪರವಾನಗಿ ಇರುವವರಿಂದ ಹೊಡೆಸಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತುಗಳ ಮುಖ್ಯಸ್ಥರಿಗೆ ವಹಿಸಿತು. ಅಂಥ ಅನುಮತಿ ಇದ್ದರೆ ಮಾತ್ರ ದಾರಿ. ಮತ್ತೆ, ನಮ್ಮ ತೋಟದಲ್ಲಿ ಹಂದಿ ಕಾಣುವುದೇ ಮೂವತ್ತು ಮೀಟರಿನೊಳಗೆ, ಟಾರ್ಚಿನ ಬೆಳಕಿನಲ್ಲಿ. ರೈಫಲ್ಲಿನ ಗುಂಡು ತಪ್ಪಿದರೆ ಮೂರು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ನಮ್ಮಲ್ಲೋ ಪ್ರತಿ ಕಣಿವೆಯಲ್ಲೂ ಮನೆ, ಪ್ರತಿ ಗುಡ್ಡೆಯ ಆಚೆ ಇನ್ನೊಂದು ಕಣಿವೆ. ಎಸ್‌ಜಿ, ಎಲ್‌ಜಿ ಎಂಬ ದಪ್ಪ ಚರೆಯ ತೋಟಾ ಹಾಕಿದ ಜೋಡು ನಳಿಗೆಯೇ ಇಲ್ಲಿಗೆ ಸರಿ, 32 ಜೂಲನ್ನೂ ಮೀರಿ ಒದ್ದರೂ.

ಕಳೆದ ಚುನಾವಣೆಗೆ ಎಲ್ಲರ ಹಾಗೆ ಮಾವನೂ ಕೋವಿಯನ್ನು ಠಾಣೆಗೆ ಒಪ್ಪಿಸಿದ್ದರು. ಅದು ಮನೆಗೆ ಬರುವಷ್ಟರಲ್ಲಿ ಹಂದಿಗಳು ಗೆಣಸಿನ ಸಾಲನ್ನೆಲ್ಲ ಉತ್ತುಹಾಕಿದ್ದವು. ಅದೇ ಸಂಜೆ ಕೋರೆಗೆ ಹೋದೆವು. ಮಾವ ಕೋವಿ ಮುರಿದು ನನ್ನ ಮುಂದೆ ಹಿಡಿದರು, ಎರಡು ತೋಟಾ ಕೈಗಿತ್ತರು, ಒಂದು ಹೊಸತು, ಒಂದು ಖಾಲಿ. “ನೀನೇ ತುಂಬಿಸು” ಎಂದು ಮುಖ ಆಚೆ ತಿರುಗಿಸಿದರು. “ಯಾವ ನಳಿಗೆಗೆ ಯಾವುದು ಅಂತ ಹೇಳಬೇಡ.”